ಕೊಸರಿಗೆ ಚಾಚಿದ ಕೈ

‘ಗುರುಗಳೇ, ಬೇಡವೆಂದು ಗಟ್ಟಿ ಮನಸ್ಸು ಮಾಡಿದವನಿಗೆ ಎದುರಿಗೆ ಏನಿದ್ದರೇನು? ಅಂಥವನಿಗೂ ಕಟ್ಟುಪಾಡು ಯಾಕೆ?’ ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. ‘ಗಟ್ಟಿ ಮನಸ್ಸು ಅನ್ನುವ ಮಾತು ನಿನ್ನ ವಯಸ್ಸಿನವರ ಬಾಯಲ್ಲಿ ಬಲು ಸಲೀಸಾಗಿ ಬರುತ್ತದಪ್ಪ. ಕುಳಿತುಕೋ, ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ’ ಎಂದು ಶುರುಮಾಡಿದರು.

ಒಂದು ಸಣ್ಣ ಪಟ್ಟಣದಲ್ಲಿ ಒಬ್ಬ ಗಾರೆ ಕೆಲಸದವನಿದ್ದ. ಹೆಸರು ಕಟ್ಟಿಕೊಂಡು ನಿನಗೇನಾಗಬೇಕು? ಅಂಥವರು ಎಲ್ಲ ಊರಲ್ಲೂ ಇರುತ್ತಾರೆ. ಕುಡಿದು ಕುಡಿದು ಮನೆ ಹಾಳುಮಾಡಿಕೊಂಡವನು, ಹೆಂಡತಿ ಗಂಟುಮೂಟೆ ಕಟ್ಟಿ ತವರಿಗೆ ಹೊರಟು ನಿಂತ ದಿನ ಕುಡಿತ ಬಿಟ್ಟ. ಬಿಟ್ಟವನು ಬಿಟ್ಟೇಬಿಟ್ಟ. ಹೆಂಡದಂಗಡಿಯ ಬೀದಿಗೂ ಹೋಗುತ್ತಿರಲಿಲ್ಲ. ಸಂಜೆ ಅವನು ಕಾಲಿಡುತ್ತಿದ್ದ ಅಂಗಡಿ ಒಂದೇ, ಕಿರಾಣಿ ಅಂಗಡಿ. ಹೆಂಡತಿ ಬೇಕೆಂದೇ ದಿನಾ ಏನಾದರೊಂದು ಸಾಮಾನು ಹೇಳಿ ಅಲ್ಲಿಗೆ ಕಳಿಸುತ್ತಿದ್ದಳು. ಅಲ್ಲಿಗೆ ಹೋದ ಗಂಡ ಹೋದ ಹಾಗೆಯೇ ಮನೆಗೆ ಬರುತ್ತಾನೆ ಎಂಬ ಧೈರ್ಯ ಅವಳಿಗೆ.

ಆ ಅಂಗಡಿಯ ವ್ಯಾಪಾರಿ ಕೆಟ್ಟವನಲ್ಲ. ಒಂದು ಜಂಬ ಮಾತ್ರ ಇತ್ತು. ಯಾರು ಏನೇ ಕೊಳ್ಳಲಿ, ತೂಕ ಮುಗಿದ ಮೇಲೆ ಅದರಲ್ಲೇ ಒಂದಿಷ್ಟನ್ನು ಕೊಸರೆಂದು ಅಂಗೈಗೆ ಹಾಕದೆ ಕಳಿಸುತ್ತಿರಲಿಲ್ಲ. ಬೆಲ್ಲ ಕೊಂಡವರಿಗೆ ಬೆಲ್ಲದ ಚೂರು, ಹುರಿಗಡಲೆ ಕೊಂಡವರಿಗೆ ನಾಲ್ಕು ಹುರಿಗಡಲೆ. ಜನ ಅದನ್ನು ಬಾಯಿಗೆ ಹಾಕಿಕೊಂಡು ಹೋಗುವುದನ್ನು ನೋಡುವುದೆಂದರೆ ಅವನಿಗೆ ಖುಷಿ.

ಹೀಗಿರುವಾಗ, ಕಿರಾಣಿ ಅಂಗಡಿಯಲ್ಲೂ ವೈನ್ ಮಾರಲು ಬಿಡಬೇಕೆಂದು ಅದೇ ವ್ಯಾಪಾರಿ ಪಟ್ಟಣ ಪಂಚಾಯಿತಿಗೆ ಅರ್ಜಿ ಹಾಕಿದ. ಊರ ಬಾಯಲ್ಲೆಲ್ಲ ಅದೇ ಮಾತು. ಸಭೆಯ ದಿನ ಗಾರೆಯವನ ಹೆಂಡತಿ ಉಳಿದ ಹೆಂಗಸರ ಜೊತೆ ಬಾಗಿಲ ಬಳಿ ನಿಂತಳು. ಗಂಡ ಮುಂದೆ ಜನರ ನಡುವೆ ಕುಳಿತಿದ್ದ. ಅವಳಿಗೆ ಕಾಣುತ್ತಿದ್ದದ್ದು ಅವನ ಬೆನ್ನು ಮಾತ್ರ.

ವ್ಯಾಪಾರಿ ಒಂದು ಬಾಟಲಿಯನ್ನು ತಂದು ಅಧ್ಯಕ್ಷರ ಮೇಜಿನ ಮೇಲಿಟ್ಟ. ‘ಇದು ಹೆಂಡವಲ್ಲ ಸ್ವಾಮಿ, ದ್ರಾಕ್ಷಿ ರಸ. ಬೆಳೆಯುವ ರೈತರಿಗೂ ಲಾಭ, ಪಂಚಾಯಿತಿಗೂ ಲಾಭ. ಎಣ್ಣೆ, ಸೋಪಿನ ಪಕ್ಕ ಇದೂ ಒಂದಿರಲಿ. ಬೇಡದವರು ಕೊಳ್ಳದಿದ್ದರಾಯಿತು’ ಎಂದ. ಸದಸ್ಯರು ಹೌದು ಹೌದು ಎಂದು ತಲೆಯಾಡಿಸಿದರು. ಅಧ್ಯಕ್ಷರು ‘ಕೈಯೆತ್ತಿ’ ಎನ್ನುವುದೊಂದೇ ಬಾಕಿ. ಬಾಗಿಲಲ್ಲಿದ್ದ ಹೆಂಡತಿ ಮನಸ್ಸಿನಲ್ಲೇ ಅಂದುಕೊಂಡಳು: ಅಯ್ಯೋ ದೇವರೇ, ಇದ್ದ ಒಂದು ಅಂಗಡಿಯೂ ಹೋಯಿತಲ್ಲ! ನಾಳೆಯಿಂದ ಉಪ್ಪು ತಾ ಎಂದು ಇವನನ್ನು ಎಲ್ಲಿಗೆ ಕಳಿಸಲಿ?

ಆಗ ಅವಳ ಗಂಡ ಎದ್ದು ನಿಂತ. ‘ಸಾಹುಕಾರ್ರೇ, ಇದನ್ನು ಕೊಂಡವರಿಗೂ ಕೊಸರು ಕೊಡುತ್ತೀರೋ?’

ವ್ಯಾಪಾರಿ ಎದೆಯುಬ್ಬಿಸಿದ. ‘ಇದೇನು ಹೀಗೆ ಕೇಳುತ್ತೀಯಪ್ಪ! ನನ್ನ ಅಂಗಡಿಯಿಂದ ಕೊಸರಿಲ್ಲದೆ ಯಾರಾದರೂ ಹೋದದ್ದುಂಟೇ?’

ಗಾರೆಯವನು ನೇರ ಮೇಜಿನ ಮುಂದೆ ಹೋಗಿ ಬಲಗೈ ಚಾಚಿದ. ‘ಹಾಗಾದರೆ ಈ ಕೈಗೆ ಹಾಕಿ’ ಎಂದ.

ಅವನು ಹಿಂದೆ ಹೇಗಿದ್ದ ಎಂಬುದು ಅಲ್ಲಿ ಯಾರಿಗೆ ಗೊತ್ತಿಲ್ಲ? ಹೆಂಡತಿಗೆ ಜೀವ ಬಾಯಿಗೆ ಬಂತು. ಒಂದು ಹನಿ ಆ ಅಂಗೈಗೆ ಬಿದ್ದರೆ ಅವಳ ಸಂಸಾರ ಅಲ್ಲಿಗೆ ಮುಗಿಯಿತು. ವ್ಯಾಪಾರಿಯೂ ಮಾತು ಕೊಟ್ಟಾಗಿತ್ತು, ಹಿಂದೆಗೆಯುವಂತಿಲ್ಲ. ಬಾಟಲಿ ಎತ್ತಿದ, ಮುಚ್ಚಳ ತೆಗೆದ. ಬಗ್ಗಿಸಲು ಹೋದವನು ಆ ಕೈಯನ್ನೇ ನೋಡುತ್ತ ನಿಂತುಬಿಟ್ಟ. ಬಹಳ ಹೊತ್ತು ನೋಡಿದ. ಆಮೇಲೆ ಮುಚ್ಚಳ ಬಿಗಿಯಾಗಿ ತಿರುಗಿಸಿ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡ. ‘ಕೊಸರು ಕೊಡಲಾಗದ ಸಾಮಾನು ನನ್ನ ಅಂಗಡಿಗೆ ಬೇಡ ಸ್ವಾಮಿ. ಅರ್ಜಿ ವಾಪಸ್ಸು ತಗೊಂಡೆ’ ಎಂದ.

ಹೌದು ಹೌದು ಎಂದಿದ್ದ ತಲೆಗಳೇ ಈಗ ಬೇಡ ಬೇಡ ಎಂದು ಆಡಿದವು, ನೋಡು! ಬೇರೆ ಯಾವ ಅಂಗಡಿಗೂ ಬೇಡವೆಂದು ಅಲ್ಲೇ ತೀರ್ಮಾನವಾಯಿತು. ಚಪ್ಪಾಳೆಯೋ ಚಪ್ಪಾಳೆ, ಶಿಳ್ಳೆಯೋ ಶಿಳ್ಳೆ. ‘ಗೆದ್ದೆವು ಕಣೇ!’ ಎಂದು ಹೆಂಗಸರು ಅವಳನ್ನು ತಬ್ಬಿಕೊಂಡರು. ಜನ ಗಾರೆಯವನನ್ನು ಹೆಗಲ ಮೇಲೆ ಹೊತ್ತು ಹೊರಗೆ ತಂದರು. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಈ ಮನುಷ್ಯ ನನ್ನ ಗಂಡ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಹಿಗ್ಗೋ ಹಿಗ್ಗು.

‘ಆಹಾ! ನಾನು ಹೇಳಿದ್ದೂ ಇದನ್ನೇ ಅಲ್ಲವೇ ಗುರುಗಳೇ? ಬಾಟಲಿ ಎದುರಿಗಿದ್ದರೂ ಅವನ ಕೈ ನಡುಗಲಿಲ್ಲ!’

‘ಗಡಗಡ ನಡುಗುತ್ತಿತ್ತು ಮಾರಾಯ, ಅದನ್ನು ನೋಡಿಯೇ ವ್ಯಾಪಾರಿ ಮುಚ್ಚಳ ಹಾಕಿದ್ದು’ ಎಂದರು ಗುರುಗಳು.