ರಿಮ್ಮಿಗೆ ಮೀರಿದ ಟೈರು

“ನನ್ನ ಪ್ರೀತಿಯಲ್ಲಿ ಎಲ್ಲಿ ಕೊರತೆಯಾಯಿತು, ಬುದ್ಧಿ?” ಎಂದು ಕೊಟ್ರಮ್ಮ ಗುರುಗಳನ್ನು ಕೇಳಿದಳು.

ಆಕೆಯ ಮನೆಗೆ ಸೊಸೆ ಬಂದು ವರ್ಷವಾಗಿತ್ತು. ಕೊಟ್ರಮ್ಮ ಅವಳನ್ನು ಅಂಗೈ ಮೇಲೆ ಇಟ್ಟುಕೊಂಡಂತೆ ನೋಡಿಕೊಂಡಿದ್ದಳು. ಕೇಳುವ ಮೊದಲೇ ಸೀರೆ, ಹಸಿಯುವ ಮೊದಲೇ ಊಟ. ಆದರೂ ಆ ಹುಡುಗಿ ನೆಂಟರ ಮನೆಯಲ್ಲಿ ಇದ್ದ ಹಾಗೆ ಇದ್ದಳು. ಕೊಟ್ಟದ್ದನ್ನು ಉಡುತ್ತಿದ್ದಳು, ಬಡಿಸಿದ್ದನ್ನು ಉಣ್ಣುತ್ತಿದ್ದಳು. ಬಾಯಿ ಬಿಟ್ಟು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ.

“ಇನ್ನೂ ಎಷ್ಟು ಕೊಡಲಿ ಹೇಳಿ” ಎಂದು ಕೊಟ್ರಮ್ಮ ಕಣ್ಣೊರೆಸಿಕೊಂಡಳು.

ಗುರುಗಳು ಆಕೆಯನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಗುಡ್ಡದ ಬುಡದ ಒಂದು ಊರಿನಲ್ಲಿ ತಿಪ್ಪೇಶನೆಂಬ ಬಟ್ಟೆ ವ್ಯಾಪಾರಿ ಇದ್ದ. ಹೆಂಡತಿ ತೀರಿಹೋಗಿ, ಸಿಂಚನಾ ಎಂಬ ಮಗಳು ಉಳಿದಿದ್ದಳು. ಕೆಲವು ವರ್ಷ ಕಳೆದ ಮೇಲೆ ಅವನು ದಾಕ್ಷಾಯಣಿಯನ್ನು ಮದುವೆಯಾದ. ಹುಡುಗಿಗೆ ಆಗ ಹದಿನಾಲ್ಕರ ವಯಸ್ಸು.

ಮಲತಾಯಿ ಎಂಬ ಮಾತು ದಾಕ್ಷಾಯಣಿಗಿಂತ ಮೊದಲೇ ಆ ಮನೆ ಸೇರಿತ್ತು. ನೆರೆಯವರು ಹೊಸಿಲಲ್ಲೇ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ್ದರು. ಈ ಮಗುವಿಗೆ ಏನಾದರೂ ಕಡಿಮೆಯಾಯಿತು ಎಂದು ಯಾರೂ ಅನ್ನಬಾರದು ಎಂದು ಅವಳು ಅಂದೇ ನಿಶ್ಚಯಿಸಿಕೊಂಡಳು. ಹುಡುಗಿ ಸೀನಿದರೆ ಕಷಾಯ ಕುದಿಯುತ್ತಿತ್ತು. ಒಂದು ರೊಟ್ಟಿ ಕೇಳಿದರೆ ಎರಡು ಬೀಳುತ್ತಿದ್ದವು, ಮೇಲೆ ಬೆಣ್ಣೆ. ಸಿಂಚನಾ ಯಾವುದಕ್ಕೂ ಎದುರಾಡಲಿಲ್ಲ. “ಆಗಲಿ ಚಿಕ್ಕಮ್ಮ” ಎನ್ನುವುದಷ್ಟೇ ಅವಳ ಮಾತು. ಇಷ್ಟು ಒಳ್ಳೆಯ ಮಗು ಯಾವ ಪುಣ್ಯಕ್ಕೆ ಸಿಕ್ಕಿತೋ ಎಂದು ದಾಕ್ಷಾಯಣಿ ಬೀಗಿದಳು. ಆದರೆ ಹುಡುಗಿ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಾಗಲೆಲ್ಲ ದಾಕ್ಷಾಯಣಿಯ ಎದೆಯಲ್ಲಿ ಏನೋ ಒಂದು ಚುಚ್ಚುತ್ತಿತ್ತು.

ಹುಡುಗಿಯ ಬಳಿ ಗುಡ್ಡ ಹತ್ತಿಳಿಯುವ ಸೈಕಲ್ಲು ಒಂದಿತ್ತು. ಹೆತ್ತ ತಾಯಿ ಬದುಕಿದ್ದಾಗ ಕೊಡಿಸಿದ್ದು. ದಿನವೂ ಬೆಳಗ್ಗೆ ಅದನ್ನು ತುಳಿದುಕೊಂಡು ಗುಡ್ಡ ಹತ್ತುವಳು, ಕಲ್ಲುಹಾದಿಯಲ್ಲಿ ಇಳಿದು ಬರುವಳು. ಒಂದು ದಿನ ಸವೆದ ಟೈರು ಗರಸಿನ ಮೇಲೆ ಜಾರಿ ಅವಳ ಮೊಣಕಾಲು ತರಚಿತು. ದಾಕ್ಷಾಯಣಿ ಗಾಯಕ್ಕೆ ಅರಿಸಿನ ಮೆತ್ತಿ, ಕೈ ತೊಳೆದುಕೊಂಡು, ಸೀದಾ ಪೇಟೆಯ ಸೈಕಲ್ ಅಂಗಡಿಗೆ ಹೋದಳು.

ಅಂಗಡಿಯವನು ರಿಮ್ಮು ಎಷ್ಟು ಅಗಲವಿದೆ ಎಂದು ಕೇಳಿದ.

“ಅದೆಲ್ಲ ನನಗೆ ಗೊತ್ತಿಲ್ಲಪ್ಪ. ಮಗು ಬೀಳಬಾರದು. ಎಲ್ಲಕ್ಕಿಂತ ದಪ್ಪದ್ದು ಯಾವುದಿದೆಯೋ ಅದನ್ನೇ ಕೊಡು” ಎಂದಳು.

ಅವನು ಕೊಟ್ಟ. ಆ ಟೈರುಗಳನ್ನು ಎರಡೂ ಭುಜಕ್ಕೆ ನೇತುಹಾಕಿಕೊಂಡು, ಬಿಸಿಲಲ್ಲಿ ನಡೆದು, ಬೆವರು ಸುರಿಸುತ್ತ ಮನೆಗೆ ಬಂದಳು. ಸಿಂಚನಾ ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ಚಿಕ್ಕಮ್ಮನ ಮುಖ ನೋಡಿದಳು. “ಚೆನ್ನಾಗಿವೆ” ಎಂದು ತಾನೇ ಕೂತು ಹಾಕಿದಳು. ಗಾಳಿ ತುಂಬಿದಾಗ, ಸಣ್ಣ ಸಿಂಬೆಯ ಮೇಲೆ ದೊಡ್ಡ ಕೊಡ ಇಟ್ಟಂತೆ ಟೈರು ಕಿರಿದಾದ ರಿಮ್ಮಿನ ಎರಡೂ ಕಡೆಗೆ ಉಬ್ಬಿ ನಿಂತಿತು. ದಾಕ್ಷಾಯಣಿಯ ಕಣ್ಣಿಗೆ ಅದು ಭರ್ಜರಿಯಾಗಿ ಕಂಡಿತು.

ಅಲ್ಲಿಂದಾಚೆ ಹುಡುಗಿ ಗುಡ್ಡದಿಂದ ತಡವಾಗಿ ಮರಳತೊಡಗಿದಳು. ಯಾಕೆಂದು ಕೇಳಿದರೆ ನಿಧಾನವಾಗಿ ಬರುತ್ತೇನೆ ಎನ್ನುತ್ತಿದ್ದಳು. ಮಗಳಿಗೆ ಎಚ್ಚರ ಬಂತು ಎಂದು ದಾಕ್ಷಾಯಣಿಗೆ ಸಮಾಧಾನವಾಯಿತು.

ಸುಗ್ಗಿ ಕಳೆದ ಮೇಲೆ ಅದೇ ಗುಡ್ಡದಲ್ಲಿ ಜಿಲ್ಲೆಯ ಸೈಕಲ್ ಸ್ಪರ್ಧೆ ನಡೆಯಿತು. ಸ್ಪರ್ಧೆಯಲ್ಲಿ ನಿಧಾನವಾಗಿ ಇಳಿಯಲು ಬರುವುದಿಲ್ಲ. ದಾಕ್ಷಾಯಣಿ ಕೆಳಗಿನ ತಿರುವಿನಲ್ಲಿ ಕಾದು ನಿಂತಿದ್ದಳು. ಸಿಂಚನಾ ನೇರ ದಾರಿಯಲ್ಲಿ ಚೆನ್ನಾಗಿಯೇ ಬಂದಳು. ತಿರುವಿನಲ್ಲಿ ಮೈ ವಾಲಿಸಿದಾಗ ರಿಮ್ಮು ಒಂದು ಕಡೆಗೆ ಹೋಯಿತು, ಟೈರು ಇನ್ನೊಂದು ಕಡೆಗೆ ಹೊರಳಿತು. ಟೈರಿನ ಅಂಚು ರಿಮ್ಮು ಬಿಟ್ಟು ಕಿತ್ತು ಬಂದು ಢಬ್ಬೆಂದು ಗಾಳಿ ಹೋಯಿತು. ಹುಡುಗಿ ಕಲ್ಲಿನ ಮೇಲೆ ಬಿದ್ದಳು. ದಾಕ್ಷಾಯಣಿ ಚಪ್ಪಲಿ ಬಿಟ್ಟು ಓಡಿದಳು.

ಮುಂಗೈ ಮುರಿದಿತ್ತು. ಆಸ್ಪತ್ರೆಯಲ್ಲಿ ಪಟ್ಟಿ ಹಾಕಿ ಕಳಿಸಿದರು. ತಿಪ್ಪೇಶ ಸೈಕಲ್ಲನ್ನು ಮನೆಗೆ ತಂದು ಗೋಡೆಗೆ ಒರಗಿಸಿದ. ದಾಕ್ಷಾಯಣಿ ಅದನ್ನು ಒರೆಸಲು ಹೋದಾಗ, ಮುಂದಿನ ಚಕ್ರವನ್ನು ಹಿಡಿದ ಕವಲಿನ ಒಳಬದಿಯ ಬಣ್ಣ ದಪ್ಪ ಟೈರು ಉಜ್ಜಿ ಉಜ್ಜಿ ಕಿತ್ತುಹೋಗಿರುವುದು ಕಂಡಿತು. ಅದು ಒಂದು ದಿನದ ಸವೆತವಾಗಿರಲಿಲ್ಲ. ಅವಳು ಬಟ್ಟೆಯನ್ನು ಅಲ್ಲಿಯೇ ಬಿಟ್ಟು ಹುಡುಗಿಯ ಮಂಚದ ಬಳಿ ಬಂದು ಕೂತಳು.

“ಆ ಟೈರು ಈ ಗಾಲಿಗೆ ಆಗುವುದಿಲ್ಲ ಅಂತ ನಿನಗೆ ಗೊತ್ತಿತ್ತಾ?”

“ಹಾಕುವಾಗಲೇ ಗೊತ್ತಿತ್ತು.”

“ಮತ್ತೆ ಯಾಕೆ ಹೇಳಲಿಲ್ಲ ಕಂದ?”

ಸಿಂಚನಾ ಪಟ್ಟಿಯ ಅಂಚನ್ನು ಕೆರೆದಳು. “ಬಿಸಿಲಲ್ಲಿ ಹೊತ್ತುಕೊಂಡು ಬಂದಿದ್ರಿ. ಟೈರು ಬೇಡ ಅಂದರೆ ನಿಮ್ಮನ್ನೇ ಬೇಡ ಅಂದ ಹಾಗೆ ಆಗುತ್ತೆ ಅನ್ನಿಸಿತು” ಎಂದಳು.

ಈ ಮನೆಯಲ್ಲಿ ಅಂಜಿಕೊಂಡು ಬದುಕುತ್ತಿರುವವಳು ತಾನೊಬ್ಬಳೇ ಎಂದು ದಾಕ್ಷಾಯಣಿ ಅಲ್ಲಿಯವರೆಗೂ ತಿಳಿದಿದ್ದಳು. ಅವಳು ಹುಡುಗಿಯ ನೋಯದ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಪಟ್ಟಿ ಬಿಚ್ಚಿದ ಮೇಲೆ ತಿಪ್ಪೇಶ, ಗಾಲಿಗಳನ್ನೇ ಬದಲಾಯಿಸಿ ಅಗಲದ ರಿಮ್ಮು ಹಾಕಿಸಿಬಿಡೋಣ, ಟೈರೂ ದಂಡವಾಗುವುದಿಲ್ಲ ಎಂದ. ದಾಕ್ಷಾಯಣಿ ಹೂಂ ಎನ್ನಲು ಬಾಯಿ ತೆರೆದವಳು ತಡೆದುಕೊಂಡಳು. ಮಗಳ ಕಡೆ ತಿರುಗಿ, “ನಿನಗೆ ಏನು ಬೇಕು?” ಎಂದು ಕೇಳಿದಳು. ಹಾಗೆ ಕೇಳಿದ್ದು ಅದೇ ಮೊದಲು.

“ಗಾಲಿ ಇದೇ ಇರಲಿ. ಅಮ್ಮ ಕೊಡಿಸಿದ್ದು” ಎಂದಳು ಹುಡುಗಿ.

ಇಬ್ಬರೂ ಗಾಲಿಯನ್ನೇ ಕಳಚಿಕೊಂಡು ಪೇಟೆಗೆ ಹೋದರು. ಸಿಂಚನಾ ರಿಮ್ಮಿನ ಎರಡು ಗೋಡೆಗಳ ನಡುವಿನ ಜಾಗಕ್ಕೆ ಅಳತೆಪಟ್ಟಿ ಇಟ್ಟು ತೋರಿಸಿದಳು. ತೀರ ಸಣ್ಣ ಟೈರಾದರೆ ಕಲ್ಲಿನ ಏಟು ನೇರವಾಗಿ ರಿಮ್ಮಿಗೇ ಬೀಳುತ್ತದೆ, ತೀರ ದಪ್ಪದ್ದಾದರೆ ರಿಮ್ಮಿನ ಹಿಡಿತಕ್ಕೆ ಸಿಗುವುದಿಲ್ಲ, ತಿರುವಿನಲ್ಲಿ ಹೊರಳುತ್ತದೆ ಎಂದು ವಿವರಿಸಿದಳು. ದಾಕ್ಷಾಯಣಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ಕೇಳಿದಳು. ಹುಡುಗಿ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಅವಳು ಕೇಳಿಯೇ ಇರಲಿಲ್ಲ. ಹಳೆಯದಕ್ಕಿಂತ ತುಸು ಅಗಲದ, ದಾಕ್ಷಾಯಣಿ ತಂದದ್ದಕ್ಕಿಂತ ಎಷ್ಟೋ ಸಣ್ಣದಾದ ಒಂದು ಜೊತೆ ಟೈರನ್ನು ಹುಡುಗಿಯೇ ಆರಿಸಿದಳು. ರಿಮ್ಮಿನ ಮೇಲೆ ಅದು ಗುಂಡಗೆ, ಗಟ್ಟಿಯಾಗಿ ಕೂತಿತು.

ಮುಂದಿನ ವರ್ಷ ಅವಳು ಮತ್ತೆ ಸ್ಪರ್ಧೆಗೆ ಹೋದಳು. ಗೆದ್ದಳೋ ಬಿಟ್ಟಳೋ, ನನಗೆ ಹೇಳಿದವರು ಅದನ್ನು ಹೇಳಲಿಲ್ಲ. ಹೇಳಿದ್ದು ಬೇರೆ.

ಒಂದು ಭಾನುವಾರ ಮೂವರೂ ಊಟಕ್ಕೆ ಕೂತಿದ್ದರು. ದಾಕ್ಷಾಯಣಿ ರೂಢಿಯಂತೆ ಹುಡುಗಿಯ ತಟ್ಟೆಗೆ ಎರಡನೆಯ ಸಲ ಹಾಗಲಕಾಯಿ ಪಲ್ಯ ಹಾಕಲು ಹೋದಳು. ಸಿಂಚನಾ ತಟ್ಟೆಗೆ ಕೈ ಅಡ್ಡ ಹಿಡಿದಳು.

“ಬೇಡ ಚಿಕ್ಕಮ್ಮ. ನನಗೆ ಹಾಗಲಕಾಯಿ ಸೇರುವುದೇ ಇಲ್ಲ.”

“ಇಷ್ಟು ದಿನ ತಿಂದೆಯಲ್ಲೇ!”

“ಹೂಂ, ತಿಂದೆ” ಎಂದು ಹುಡುಗಿ ಬಾಯಿ ತುಂಬ ನಕ್ಕಳು. ತಿಪ್ಪೇಶನೂ ನಕ್ಕ.

ದಾಕ್ಷಾಯಣಿ ಸೌಟು ಹಿಡಿದುಕೊಂಡೇ ಎದ್ದು ಅಡುಗೆಮನೆಗೆ ಹೋದಳು. ಒಲೆಯ ಮುಂದೆ ನಿಂತು ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಆ ಮನೆಯಲ್ಲಿ ಅಷ್ಟು ದೊಡ್ಡ ಉಡುಗೊರೆಯನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರಮ್ಮ ಮುಂದಿನ ಮಾತಿಗಾಗಿ ಕಾದಳು. ಅವರು ಮೆಲ್ಲಗೆ ಕೇಳಿದರು:

“ನಿಮ್ಮ ಸೊಸೆ ಒಮ್ಮೆಯಾದರೂ ನಿಮಗೆ ‘ಬೇಡ’ ಅಂದಿದ್ದಾಳೆಯೇ, ತಾಯಿ?”