ಹೊಲಿದು ಮುಚ್ಚಿದ ಗೂಡು

ಮಕ್ಕಳೇ, ಕೆರೆಯ ಆಚೆ ದಡದಲ್ಲೊಂದು ಕಾಡು. ಅದರಲ್ಲಿ ನೀರಿನಂಚಿಗೇ ದೊಡ್ಡದೊಂದು ಬೂರುಗದ ಮರ. ಮರದಿಂದ ಉದುರಿದ ಅರಳೆಯನ್ನು ಮುಳ್ಳುಹಂದಿ ಅಜ್ಜಿ ಬುಡದಲ್ಲಿ ಗುಡ್ಡೆ ಹಾಕುತ್ತಿದ್ದಳು. ದಿನಾ ಬೆಳಗ್ಗೆ ಮೂಸಿ ನೋಡಿ, ಹುಳುಹುಪ್ಪಟೆ ಇದ್ದರೆ ತೆಗೆದು ಎಸೆಯುತ್ತಿದ್ದಳು. ಮರಿ ಹಾಕುವವರೆಲ್ಲ ಹಾಸಿಗೆಗೆ ಅಲ್ಲಿಂದಲೇ ಅರಳೆ ಒಯ್ಯುವುದು ಆ ಕಾಡಿನ ಪದ್ಧತಿ.

ಚಿನಕಿ ಎಂಬ ಅಳಿಲಿಗೆ ಮಾತ್ರ ಓಡಾಟವೆಂದರೆ ಬೇಜಾರು. ಅಳಿಲಿಗೆ ಓಡಾಟ ಬೇಜಾರೇ ಎಂದು ನಗಬೇಡಿ, ಅಂಥವರೂ ಇರುತ್ತಾರೆ.

ಆಗ ಎಲೆ ಹೊಲಿಯುವ ಸಿಂಪಿಗ ಹಕ್ಕಿ ಹೊಸದೊಂದು ಗೂಡು ಹೊಲಿದು ತಂದಿತು. ಅರಳೆ, ಒಣಹುಲ್ಲು, ಕಾಳು ಎಲ್ಲವನ್ನೂ ಎಲೆಯ ಪದರಗಳೊಳಗೆ ಸೇರಿಸಿ ಹೊಲಿದಿತ್ತು.

"ಕೊಂಬೆಗೆ ಕಟ್ಟು, ಒಳಗೆ ಹೋಗಿ ಮಲಗು. ಏನೂ ಹುಡುಕಬೇಕಾಗಿಲ್ಲ. ಹೊಲಿಗೆ ಮಾತ್ರ ಬಿಚ್ಚಬೇಡ," ಎಂದಿತು ಹಕ್ಕಿ.

"ಬಿಚ್ಚೋಕೆ ನನಗೇನು ಹುಚ್ಚೇ?" ಎಂದಳು ಚಿನಕಿ. ಆ ಗೂಡಿನಲ್ಲೇ ಮೂರು ಮರಿ ಹಾಕಿದಳು. ನೋಡನೋಡುತ್ತ ಮರಮರದಲ್ಲೂ ಅಂಥ ಗೂಡು ತೂಗಾಡತೊಡಗಿತು.

ಒಂದು ಬೆಳಗ್ಗೆ ಅಜ್ಜಿ ಅರಳೆಯಲ್ಲಿ ಜರಿಹುಳುವಿನ ಮೊಟ್ಟೆ ಕಂಡಳು. ಗುಡ್ಡೆಯನ್ನು ಪೂರ್ತಿ ಕೆರೆಗೆ ತಳ್ಳಿ, ಹೊಸ ಅರಳೆ ತಂದು ಹಾಕಿ, ಕಾಡೆಲ್ಲ ಕೂಗುತ್ತ ಹೋದಳು.

"ಹಳೇ ಹಾಸಿಗೆ ಎಸೆದುಬಿಡ್ರಪ್ಪ. ಅದರಲ್ಲಿ ವಿಷದ ಹುಳ ಇದೆ."

ಗುಡ್ಡೆಯಿಂದ ಅರಳೆ ಒಯ್ದಿದ್ದವರು ಮಧ್ಯಾಹ್ನದೊಳಗೆ ಹಾಸಿಗೆ ಬದಲಾಯಿಸಿ ನಿಶ್ಚಿಂತರಾದರು.

"ನನ್ನದು ಹೊಲಿದ ಗೂಡು ಅಜ್ಜಿ, ನನಗೆ ಆ ಕಾಟ ಇಲ್ಲ," ಎಂದಳು ಚಿನಕಿ.

"ಅದರೊಳಗಿನ ಅರಳೆ ಆಕಾಶದಿಂದ ಬಿತ್ತೇನೇ? ಸಿಂಪಿಗ ನನ್ನ ಗುಡ್ಡೆಯಿಂದಲೇ ಒಯ್ದಿದ್ದು."

ಚಿನಕಿ ಹಕ್ಕಿಯ ಬಳಿಗೆ ಓಡಿದಳು. "ಸಿಂಪಿಗಣ್ಣ, ನನ್ನ ಗೂಡಲ್ಲಿರೋದು ಯಾವಾಗಿನ ಅರಳೆ?"

"ಹೊಲಿದ ಮೇಲೆ ಯಾವುದರಲ್ಲಿ ಏನಿದೆ ಅಂತ ನನಗೂ ಗೊತ್ತಾಗಲ್ಲಮ್ಮ."

"ಅರಳೆ ಒಂದನ್ನೇ ಬದಲಾಯಿಸಿಕೊಡು."

"ಆಗಲ್ಲ. ಒಂದು ಹೊಲಿಗೆ ಬಿಚ್ಚಿದರೆ ಗೂಡೇ ಉದುರುತ್ತೆ. ಇನ್ನೊಂದು ಹೊಲಿಯೋವರೆಗೆ ಕಾಯಿ."

ಕಾಯಲು ಅವಳಿಗೆ ಧೈರ್ಯವಾಗಲಿಲ್ಲ. ಮನೆಗೆ ಬಂದು ಗೋಡೆಗೆ ಕಿವಿಯಿಟ್ಟಳು. ಎಲೆಯ ಪದರದೊಳಗೆ ಏನೋ ಚರಚರ ಹರಿಯುತ್ತಿತ್ತು. ಮರಿಗಳು ಅದೇ ಗೋಡೆಗೆ ಒರಗಿ ನಿದ್ದೆ ಮಾಡುತ್ತಿದ್ದವು.

ಚಿನಕಿ ಒಳಗೆ ನುಗ್ಗಿದಳು. ಒಂದು ಮರಿಯನ್ನು ಬಾಯಲ್ಲಿ ಕಚ್ಚಿ ಪಕ್ಕದ ಕೊಂಬೆಗೆ ಸಾಗಿಸಿದಳು. ಮತ್ತೆ ಬಂದು ಎರಡನೆಯದನ್ನು ಒಯ್ದಳು. ಮೂರನೆಯದಕ್ಕೆ ಬರುವಷ್ಟರಲ್ಲಿ ಗೋಡೆ ತೂತಾಗಿ ಜರಿಮರಿಗಳು ಬುಳುಬುಳು ಹೊರಬಂದಿದ್ದವು. ಅವುಗಳ ನಡುವೆ ಮಲಗಿದ್ದ ಪುಟ್ಟ ಮರಿ ಮಿಸುಕುತ್ತಿರಲಿಲ್ಲ. ಚಿನಕಿ ಕಾಡೇ ಕೇಳುವಂತೆ ಚೀರಿದಳು.

ಮರದ ಕೆಳಗೆ ಓಡಿಬಂದ ಅಜ್ಜಿ, ಚೀರಾಟ ಕೇಳಿ ಹಾರಿಬಂದಿದ್ದ ಹಕ್ಕಿಯನ್ನು ಕೇಳಿದಳು: "ಸಿಂಪಿಗ, ಇಂಥವನ್ನು ಇನ್ನು ಯಾರ್ಯಾರಿಗೆ ಕೊಟ್ಟಿದ್ದೀಯೋ?"

"ನೆನಪಿಲ್ಲ ಅಜ್ಜಿ," ಎಂದಿತು ಹಕ್ಕಿ.

ಅಷ್ಟರಲ್ಲಿ ಪಕ್ಕದ ಮರದ ಗೂಡಿನಿಂದ ಅದೇ ಚರಚರ ಸದ್ದು ಕೇಳಿಸಿತು. ಅದರಾಚೆಯ ಮರದಿಂದಲೂ ಕೇಳಿಸಿತು. ಗುಡ್ಡೆಯನ್ನು ಒಂದೇ ಸಲಕ್ಕೆ ಕೆರೆಗೆ ತಳ್ಳಿದ್ದ ಅಜ್ಜಿಗೆ ಈಗ ಯಾವ ಮರದ ಕಡೆ ಮೊದಲು ಓಡಬೇಕೆಂದೇ ತಿಳಿಯಲಿಲ್ಲ.

ನೀತಿ: ಎಲ್ಲವೂ ಒಟ್ಟಿಗೆ ಸಿಕ್ಕಿತೆಂದು ಹಿಗ್ಗುವ ಮೊದಲು, ಒಳಗೆ ಕೆಟ್ಟದ್ದು ಸೇರಿದರೆ ಅದನ್ನು ತೆಗೆಯಲು ದಾರಿಯಿದೆಯೇ ಎಂದು ನೋಡಿಕೊಳ್ಳಬೇಕು.