ಬಸಿದ ಕಟ್ಟು

ನದಿ ದಂಡೆಯ ಆ ಆಶ್ರಮದಲ್ಲಿ ಅಡುಗೆಯ ಸರದಿ ಎಲ್ಲ ಶಿಷ್ಯರಿಗೂ ಬರುತ್ತಿತ್ತು. ಹದಿನಾರರ ಶಿವಮಲ್ಲುವಿನ ಸರದಿ ಬಂದ ದಿನವೇ ಅವನು ಗಂಟುಮೂಟೆ ಕಟ್ಟಿಟ್ಟಿದ್ದ.

ಕಾರಣ ಊಟ. ಪೇಟೆಯಲ್ಲಿ ಚಿಪ್ಸು, ಉಪ್ಪಿನಕಾಯಿ ತಿಂದು ಬೆಳೆದ ಬಾಯಿಗೆ ಇಲ್ಲಿಯದೆಲ್ಲ ಸಪ್ಪೆ. ಶಿಷ್ಯರೆಲ್ಲ ‘ಬುದ್ಧಿ’ ಎಂದು ಕರೆಯುವ ಗುರು ಚನ್ನಬಸವಯ್ಯನವರ ಪಾಠವೆಂದರೆ ಮಾತ್ರ ಪ್ರಾಣ. ಬಿಟ್ಟುಹೋಗಲು ಮನಸ್ಸಿರಲಿಲ್ಲ. ಆದರೆ ನಾಲಿಗೆ ಕೇಳಬೇಕಲ್ಲ.

ಗುರುಗಳು ತಡೆಯಲಿಲ್ಲ. ಸರದಿ ಮುಗಿಸಿ ಹೋಗು ಎಂದರಷ್ಟೆ.

ಶಿವಮಲ್ಲು ದಂಟಿನ ಸೊಪ್ಪು ಬೇಯಿಸಿದ. ಬೆಂದ ನೀರನ್ನು ಬಚ್ಚಲಿಗೆ ಬಸಿದ. ಅದು ಹರಿದು ಹಿತ್ತಿಲ ಬಾಳೆಯ ಬುಡ ಸೇರಿತು. ಸೊಪ್ಪು ಬಾಯಿಗಿಟ್ಟರೆ ಹುಲ್ಲು ಅಗಿದಂತಾಯಿತು. ಹಿಡಿ ಉಪ್ಪು ಸುರಿದ. ಸಾಲದೆನಿಸಿ ಇನ್ನೊಂದು ಹಿಡಿ.

ಊಟಕ್ಕೆ ಕೂತವರೆಲ್ಲ ನೀರಿನ ಚೊಂಬಿಗೇ ಕೈಹಾಕಿದರು. ಗುರುಗಳು ಮಾತ್ರ ಉಂಡು ಮುಗಿಸಿ ಕೇಳಿದರು.

"ಕಣ್ಣು ಮುಚ್ಚಿ ತಿನ್ನು. ಏನು ರುಚಿ ಸಿಗುತ್ತೆ, ಹೇಳು ಮರಿ."

ಶಿವಮಲ್ಲು ತಿಂದ. ಬಹಳ ಹೊತ್ತು ಅಗಿದ.

"ಉಪ್ಪು, ಬುದ್ಧಿ."

ಸಂಜೆ ಗುರುಗಳೇ ಒಲೆ ಹಚ್ಚಿದರು. ಅದೇ ಸೊಪ್ಪು ಬೇಯಿಸಿ, ಕೆಳಗೆ ಪಾತ್ರೆಯಿಟ್ಟು ಕಟ್ಟು ಬಸಿದರು. ಉಪ್ಪು ಹಾಕದೆ ಒಂದು ಲೋಟ ಅವನ ಕೈಗಿತ್ತರು.

ಮೊದಲ ಗುಟುಕಿಗೆ ಅವನ ಮುಖ ಸೊಟ್ಟಗಾಯಿತು. ಗುರುಗಳು ಎದುರಿಗಿದ್ದರೆಂದು ಇನ್ನೊಂದು ಗುಟುಕು ಕುಡಿದ. ಆಮೇಲೆ ಯಾರ ದಾಕ್ಷಿಣ್ಯವೂ ಬೇಕಾಗಲಿಲ್ಲ.

"ಒಂದು ಥರಾ ಸಿಹಿ ಇದೆ, ಬುದ್ಧಿ. ಮಣ್ಣಿನ ವಾಸನೆ ಇದೆ."

"ಸೊಪ್ಪಿನ ಸತ್ವ ಅರ್ಧ ಇದರಲ್ಲೇ ಇರುತ್ತೆ. ಬೆಳಿಗ್ಗೆ ಅದನ್ನ ಬಾಳೆಗೆ ಕುಡಿಸಿ, ನೀನು ಉಪ್ಪು ತಿಂದೆ. ಬಾಳೆಯೇನೋ ಬೆಳೆಯುತ್ತೆ. ನಿನಗೂ ಬೆಳೆಯೋ ವಯಸ್ಸಲ್ವಾ?"

ಶಿವಮಲ್ಲು ನಾಚಿಕೊಂಡ. ನಾಚಿಕೆಯ ಹಿಂದೆಯೇ ನಗು ಬಂತು. ಆ ಕಟ್ಟಿನಲ್ಲಿ ಗುರುಗಳು ಮಾಡಿದ ಬಸ್ಸಾರನ್ನು ಎರಡು ಸಲ ಬಡಿಸಿಕೊಂಡು ಉಂಡ. ರಾತ್ರಿ ಮಲಗುವ ಮುಂಚೆ ಗಂಟು ಬಿಚ್ಚಿ ಬಟ್ಟೆಗಳನ್ನು ಮತ್ತೆ ಗೂಡಿಗಿಟ್ಟ.

ಮುಂದಿನ ಸರದಿಯನ್ನು ಅವನೇ ಕೇಳಿ ಪಡೆದ. ಕಟ್ಟು ಕುದಿಯುತ್ತಿತ್ತು. ಉಪ್ಪಿನ ಮರಿಗೆಯತ್ತ ಹೋದ ಕೈಯನ್ನು ತಡೆದು, ಬಾಗಿಲಲ್ಲಿ ನಿಂತಿದ್ದ ಗುರುಗಳತ್ತ ತಿರುಗಿದ.

"ಎಷ್ಟು ಹಾಕಲಿ, ಬುದ್ಧಿ?"

"ಮೊದಲು ಸೊಪ್ಪು ಮಾತಾಡಲಿ, ಮರಿ. ಅದು ಹೇಳೋದು ಹೇಳಿ ಮುಗಿಸಲಿ. ಆಮೇಲೂ ಏನಾದ್ರೂ ಬಾಕಿ ಉಳಿದಿದ್ದರೆ ಉಪ್ಪು ಹೇಳುತ್ತೆ."